ಒಂದು ಸೇವಂತಿಗೆಯಲ್ಲಿ ನೂರು ಹೂ: ಡೈಸಿ ಬಳಗದ ಹೂಗಳನ್ನು ಶಾಲಾ ತೋಟದಲ್ಲಿ ಬೆಳೆಸುವುದು, ಕೊಯ್ದ ಮೇಲೆ ಬಾಳಿಸುವುದು

ಹೂವಿನ ಭಾಗಗಳ ಪಾಠಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ದಾಸವಾಳವನ್ನೇ ಒಯ್ಯುತ್ತೇವೆ. ದಳ, ಕೇಸರ, ಶಲಾಕೆ, ಅಂಡಾಶಯ ಎಲ್ಲವೂ ಅದರಲ್ಲಿ ದೊಡ್ಡದಾಗಿ ಕಾಣುತ್ತವೆ. ಆದರೆ ‘ನಾಳೆ ಒಂದೊಂದು ಹೂ ತನ್ನಿ’ ಎಂದು ಹೇಳಿದರೆ ನಮ್ಮ ಕಡೆಯ ಮಕ್ಕಳು ತರುವುದು ಶಾವಂತಿಗೆ, ಚೆಂಡು ಹೂ, ಗಲಾಟೆ ಹೂ, ಹೊಲದಂಚಿನ ಸೂರ್ಯಕಾಂತಿ. ಇವುಗಳನ್ನು ಬಿಡಿಸಿದರೆ ಪಠ್ಯಪುಸ್ತಕದ ಚಿತ್ರ ಸಿಗುವುದಿಲ್ಲ. ‘ಸರ್ರ, ಇದಕ ದಳ ಎಷ್ಟರಿ? ಎಣಿಸಾಕ ಬರವಲ್ದು’ ಎಂದು ಕೇಳುವ ಮಗುವಿಗೆ ‘ಇದು ಬೇಡ, ದಾಸವಾಳ ತಾ’ ಎಂದು ಹೇಳಿದರೆ ಪಾಠ ಸುಗಮವಾಗಿ ಮುಂದೆ ಹೋಗುತ್ತದೆ. ಆದರೆ ಆ ಮಗು ತನ್ನ ಮನೆಯ ಹೂ ವಿಜ್ಞಾನದ ಹೂ ಅಲ್ಲ ಎಂದು ಕಲಿತುಕೊಂಡು ಹೋಗುತ್ತದೆ.

ಆ ಹೂಗಳನ್ನೇ ಪಾಠದ ನಡುವೆ ತರುವುದು ಹೇಗೆ, ಅವುಗಳನ್ನು ಶಾಲಾ ತೋಟದಲ್ಲಿ ಬೆಳೆಸುವುದು ಹೇಗೆ, ಕೊಯ್ದ ಹೂವನ್ನು ಹೂದಾನಿಯಲ್ಲಿ ಹೆಚ್ಚು ದಿನ ಉಳಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆಗೆ ತೆಗೆದುಕೊಂಡಿರುವ ಊರು ಜಮಖಂಡಿ ತಾಲ್ಲೂಕಿನ ತುಬಚಿ. ಕೃಷ್ಣಾ ದಂಡೆಯ ಕಬ್ಬಿನ ನಾಡು, ಎರೆ ಮಣ್ಣು, ಸುಡುವ ಬೇಸಿಗೆ: ಈ ಮೂರೂ ಇರುವ ಯಾವ ಶಾಲೆಗಾದರೂ ಇದು ಅನ್ವಯಿಸುತ್ತದೆ.

ಡೈಸಿ ಎಂದರೆ ಯಾವ ಹೂ?

ಡೈಸಿ ಎಂಬುದು ಒಂದೇ ಗಿಡದ ಹೆಸರಲ್ಲ. ನಡುವೆ ಹಳದಿ ಗುಂಡು, ಸುತ್ತ ಎಸಳುಗಳ ಚಕ್ರ ಇರುವ ಹಲವು ಹೂಗಳಿಗೆ ಈ ಹೆಸರಿದೆ. ಯುರೋಪಿನ ಹುಲ್ಲುಗಾವಲಿನ ಪುಟ್ಟ ಡೈಸಿ ಸಂಜೆ ಮುಚ್ಚಿಕೊಂಡು ಬೆಳಿಗ್ಗೆ ಬಿಚ್ಚಿಕೊಳ್ಳುತ್ತದೆ. ‘ಹಗಲಿನ ಕಣ್ಣು’ ಎಂಬ ಅರ್ಥದ ಹಳೆಯ ಇಂಗ್ಲಿಷ್ ಮಾತಿನಿಂದ ಅದಕ್ಕೆ ಆ ಹೆಸರು ಬಂತು. ದೊಡ್ಡ ಬಿಳಿ ಹೂವಿನ ಶಾಸ್ತಾ ಡೈಸಿಯನ್ನು ಅಮೆರಿಕದ ಲೂಥರ್ ಬರ್ಬ್ಯಾಂಕ್ ಹಲವು ವರ್ಷ ತಳಿ ಸಂಕರ ಮಾಡಿ 1901ರಲ್ಲಿ ಬಿಡುಗಡೆ ಮಾಡಿದರು. ತಂಪು ಬಯಸುವ ಈ ಎರಡೂ ಗಿಡಗಳು ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಬಾಳುವುದು ಕಷ್ಟ. ಮದುವೆ ಮಂಟಪಗಳಲ್ಲಿ ಕಾಣುವ ಜರ್ಬೆರಾ ದಕ್ಷಿಣ ಆಫ್ರಿಕಾದ ಡೈಸಿ.

ಇವೆಲ್ಲ ಆಸ್ಟರೇಸಿ ಕುಟುಂಬದವು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಟುಂಬದಲ್ಲಿ ನಮ್ಮ ಮನೆಯವರೂ ಬೇಕಾದಷ್ಟು ಇದ್ದಾರೆ. ಸೇವಂತಿಗೆ, ಚೀನಾ ಆಸ್ಟರ್, ಚೆಂಡು ಹೂ, ಗಲಾಟೆ ಹೂ ಪೂಜೆಗೆ ಬರುತ್ತವೆ. ಸೂರ್ಯಕಾಂತಿ, ಕುಸುಬಿ, ಗುರೆಳ್ಳು ಎಣ್ಣೆಗೂ ಚಟ್ನಿಗೂ ಬರುತ್ತವೆ. ಶಾಲೆಯ ಆವರಣದಲ್ಲಿ ನೆಲಕ್ಕೆ ಹರಡಿ, ನಡುವೆ ಹಳದಿ ಗುಂಡು, ಸುತ್ತ ಐದಾರು ಮಾಸಲು ಎಸಳು ಹೊತ್ತು ನಿಲ್ಲುವ ಟ್ರೈಡ್ಯಾಕ್ಸ್ ಎಂಬ ಕಳೆಯೂ ಒಂದು ಡೈಸಿಯೇ. ಗಾಯಕ್ಕೆ ಅದರ ಎಲೆಯ ರಸ ಹಿಂಡುವುದು ಹಳ್ಳಿಯ ಮಕ್ಕಳಿಗೆ ಗೊತ್ತು. ಎಲ್ಲರೂ ಬೈಯುವ ಕಾಂಗ್ರೆಸ್ ಕಸವೂ ಇದೇ ಬಳಗದ್ದು. ‘ಗುರೆಳ್ಳು ಚಟ್ನಿಗೂ ಕಾಂಗ್ರೆಸ್ ಕಸಕ್ಕೂ ಏನು ಸಂಬಂಧ?’ ಎಂಬ ಒಂದು ಪ್ರಶ್ನೆಯಿಂದ ವರ್ಗೀಕರಣದ ಪಾಠ ಆರಂಭಿಸಬಹುದು.

ಒಂದು ಎಚ್ಚರಿಕೆ: ಕಾಂಗ್ರೆಸ್ ಕಸ ಮುಟ್ಟಿದರೆ ಕೆಲವರಿಗೆ ಚರ್ಮ ಕೆರೆಯುತ್ತದೆ. ಅಂಥವರಲ್ಲಿ ಕೆಲವರಿಗೆ ಸೇವಂತಿಗೆ ಎಲೆಯಿಂದಲೂ ತೊಂದರೆ ಆಗಬಹುದು. ಮೊದಲೇ ವಿಚಾರಿಸಿ, ಅಂಥ ಮಕ್ಕಳಿಗೆ ದಾಖಲೆ ಬರೆಯುವ ಕೆಲಸ ಕೊಡಬೇಕು. ಚಟುವಟಿಕೆ ಮುಗಿದ ಮೇಲೆ ಎಲ್ಲರೂ ಸೋಪಿನಿಂದ ಕೈ ತೊಳೆಯಬೇಕು.

ಬಿಡಿಸಿ ನೋಡುವ ಚಟುವಟಿಕೆ

ನಾವು ಒಂದು ಹೂ ಎಂದು ಕರೆಯುವುದು ವಾಸ್ತವವಾಗಿ ಒಂದು ಹೂಗೊಂಚಲು. ತೊಟ್ಟಿನ ತುದಿ ತಟ್ಟೆಯಂತೆ ಅಗಲವಾಗಿ, ಅದರ ಮೇಲೆ ಹತ್ತಾರು, ಕೆಲವೊಮ್ಮೆ ನೂರಾರು ಪುಟ್ಟ ಹೂಗಳು ಒತ್ತಾಗಿ ಕೂತಿರುತ್ತವೆ. ಅಂಚಿನಲ್ಲಿ ಎಸಳಿನಂತೆ ಚಾಚಿರುವವು ಕಿರಣ ಪುಷ್ಪಕಗಳು. ನಡುವಿನ ಗುಂಡಿನಲ್ಲಿ ಕೊಳವೆಯಂತೆ ನಿಂತಿರುವವು ಬಿಂಬ ಪುಷ್ಪಕಗಳು. ಹಿಂಬದಿಯ ಹಸಿರು ಎಲೆಗಳು ಪುಷ್ಪಪತ್ರಗಳಲ್ಲ, ಇಡೀ ಗೊಂಚಲಿಗೆ ಹೊದಿಕೆಯಾದ ಕವಚ ಎಲೆಗಳು.

ಇದಕ್ಕೆ ಸೂರ್ಯಕಾಂತಿ ಅತ್ಯುತ್ತಮ. ಅದು ಸಿಗದಿದ್ದರೆ ಒಂಟಿ ಸುತ್ತಿನ ಸೇವಂತಿಗೆ ಆಗಬಹುದು. ಪೇಟೆಯ ತುಂಬು ಸೇವಂತಿಗೆಯಲ್ಲಿ ಬಹುತೇಕ ಪುಷ್ಪಕಗಳು ಎಸಳಿನ ರೂಪದಲ್ಲೇ ಇರುವುದರಿಂದ ವ್ಯತ್ಯಾಸ ತಿಳಿಯುವುದಿಲ್ಲ. ಹೂವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳುವ ಕೆಲಸ ಶಿಕ್ಷಕರದು. ಮಕ್ಕಳು ಸೂಜಿಯಿಂದ ಒಂದು ಬಿಂಬ ಪುಷ್ಪಕವನ್ನು ಎತ್ತಿ ಭೂತಗನ್ನಡಿಯಲ್ಲಿ ನೋಡಲಿ. ಬುಡದಲ್ಲಿ ಅಂಡಾಶಯ, ಮೇಲೆ ಐದು ಹಲ್ಲಿನ ಕೊಳವೆ, ಅದರೊಳಗೆ ಒಂದಕ್ಕೊಂದು ಅಂಟಿದ ಕೇಸರಗಳು, ಅವುಗಳ ನಡುವಿನಿಂದ ಎರಡಾಗಿ ಸೀಳಿದ ಶಲಾಕಾಗ್ರ ಕಾಣುತ್ತವೆ. ದಾಸವಾಳದಲ್ಲಿ ಕಲಿತ ಭಾಗಗಳೆಲ್ಲ ಇಲ್ಲಿಯೂ ಇವೆ ಎಂದು ಅವರೇ ಹೇಳುತ್ತಾರೆ. ಸೂರ್ಯಕಾಂತಿಯ ತೆನೆಯಲ್ಲಿ ಇಷ್ಟೊಂದು ಕಾಳು ಹೇಗೆ ಬರುತ್ತವೆ ಎಂಬುದಕ್ಕೂ ಇಲ್ಲೇ ಉತ್ತರ ಸಿಗುತ್ತದೆ: ಒಂದು ಬಿಂಬ ಪುಷ್ಪಕಕ್ಕೆ ಒಂದು ಕಾಳು.

ನೆಲ ಮತ್ತು ನೀರು

ತುಬಚಿ ಭಾಗದ ಎರೆ ಮಣ್ಣು ನೀರನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಮಳೆಗೆ ಅಂಟಾಗುತ್ತದೆ, ಒಣಗಿದರೆ ಬಿರಿಯುತ್ತದೆ. ಡೈಸಿ ಬಳಗದ ತೋಟದ ಹೂಗಳಿಗೆ ಬೇಕಾದದ್ದು ತೇವ ಇದ್ದರೂ ನೀರು ನಿಲ್ಲದ ಮಣ್ಣು. ನೀರು ನಿಂತರೆ ಬೇರಿಗೆ ಗಾಳಿ ಸಿಗದೆ ಬುಡ ಕೊಳೆಯುತ್ತದೆ. ಆದ್ದರಿಂದ ಇಲ್ಲಿ ಸಮತಟ್ಟು ಮಡಿ ಬೇಡ. ನೆಲದಿಂದ 20–30 ಸೆಂ.ಮೀ. ಎತ್ತರದ ಏರುಮಡಿ ಮಾಡಿ, ಎರೆ ಮಣ್ಣು, ಉಸುಕು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸಮಪಾಲು ಬೆರೆಸಬೇಕು. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಸಿಕ್ಕರೆ ಬಳಸಬಹುದು. ಆದರೆ ಅದು ಪೂರ್ಣ ಕಳಿತಿರಬೇಕು, ಹಸಿಯದು ಬೇರು ಸುಡುತ್ತದೆ.

ಇನ್ನೊಂದು ಸಮಸ್ಯೆ ಸವಳು. ವರ್ಷಾನುಗಟ್ಟಲೆ ಕಬ್ಬಿಗೆ ನೀರು ಹಾಯಿಸಿದ ಕಡೆ, ಬಸಿಗಾಲುವೆ ಇಲ್ಲದೆ ಅಂತರ್ಜಲ ಮೇಲೇರಿ, ನೀರು ಆವಿಯಾಗಿ ಉಪ್ಪು ಮೇಲ್ಮಣ್ಣಿನಲ್ಲಿ ಉಳಿಯುತ್ತದೆ. ಸವಳು ಎಂದರೇನು ಎಂದು ಈ ಊರುಗಳ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಅಪ್ಪನ ಹೊಲದ ಒಂದು ಮೂಲೆ ಬೆಳ್ಳಗಾಗಿ ಬೆಳೆ ಬಾರದೆ ನಿಂತದ್ದನ್ನು ಕಂಡವರಿರುತ್ತಾರೆ. ತೋಟಕ್ಕೆ ಜಾಗ ಆರಿಸುವಾಗ ಅವರನ್ನೇ ಕರೆದು ಬಿಳಿ ಪೊರೆ ಇರುವ ಕಡೆ ಗುರುತು ಹಾಕಿಸಬೇಕು. ಆ ಜಾಗ ಬಿಟ್ಟು ಮಡಿ ಮಾಡಬೇಕು, ಇಲ್ಲವೇ ಕುಂಡ ಇಡಬೇಕು.

ಪ್ರಯೋಗಾಲಯದ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ನಾಲ್ಕು ಹನಿಯನ್ನು ಶಿಕ್ಷಕರು ಒಣ ಮಣ್ಣಿನ ಮೇಲೆ ಹಾಕಿ ತೋರಿಸಬಹುದು. ನೊರೆ ಬಂದರೆ ಮಣ್ಣಿನಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಇದೆ. ಹೊರಬಂದದ್ದು ಕಾರ್ಬನ್ ಡೈಆಕ್ಸೈಡ್. ಇಂಥ ಕ್ಷಾರೀಯ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಕರಗಿ ಸಿಗುವುದಿಲ್ಲ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆಯ ಲಕ್ಷಣ. ಆಮ್ಲ ಮತ್ತು ಪ್ರತ್ಯಾಮ್ಲಗಳ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ನೀರು ಬೆಳಿಗ್ಗೆ ಬುಡಕ್ಕೆ ಹಾಕಬೇಕು, ಎಲೆಯ ಮೇಲಲ್ಲ. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ, ಒಣಗಿದ್ದರೆ ಮಾತ್ರ ಹಾಕುವುದು ಎಂಬ ನಿಯಮ ಸಾಕು. ಬಿಸಿಯೂಟದ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ನಡೆಯುತ್ತದೆ. ಪಾತ್ರೆ ತೊಳೆದ ಸೋಪಿನ ನೀರು ಬೇಡ. ಗಿಡದ ಸುತ್ತ ಕಬ್ಬಿನ ರವದಿ ಹೊದಿಸಿದರೆ ತೇವ ಉಳಿಯುತ್ತದೆ, ಮಣ್ಣು ಬಿರಿಯುವುದಿಲ್ಲ. ಕಟಾವಾದ ಹೊಲದಲ್ಲಿ ಸುಟ್ಟುಹೋಗುವ ರವದಿಗೆ ಬೇರೆ ಉಪಯೋಗವೂ ಉಂಟು ಎಂಬುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ.

ಶಾಲಾ ವರ್ಷಕ್ಕೆ ಹೊಂದುವ ಬೆಳೆ ಪಂಚಾಂಗ

ಸೇವಂತಿಗೆ: ಹಳೆ ಗಿಡದ ಬುಡದಿಂದ ಬರುವ ಮರಿಗಳನ್ನು ಬೇರು ಸಮೇತ ಬಿಡಿಸಿ, ಇಲ್ಲವೇ 5–7 ಸೆಂ.ಮೀ. ಉದ್ದದ ಕುಡಿ ಕಡ್ಡಿಗಳನ್ನು ಉಸುಕಿನಲ್ಲಿ ಬೇರು ಬರಿಸಿ, ಜೂನ್–ಜುಲೈನಲ್ಲಿ 30 ಸೆಂ.ಮೀ. ಅಂತರಕ್ಕೆ ನೆಡಬೇಕು. ಹೂ ನವೆಂಬರ್–ಡಿಸೆಂಬರ್‌ನಲ್ಲಿ ಬರುತ್ತದೆ. ಗಿಡ ಬಾಗದಂತೆ ತೊಗರಿ ಕಟ್ಟಿಗೆಯ ಆಸರೆ ಕೊಟ್ಟರೆ ಸಾಕು.

ಚೀನಾ ಆಸ್ಟರ್: ಇದನ್ನು ಬೀಜದಿಂದಲೇ ಬೆಳೆಸಬೇಕು. ಬೀಜ ಬೇಗ ಶಕ್ತಿ ಕಳೆದುಕೊಳ್ಳುವುದರಿಂದ ಹೊಸದನ್ನೇ ತರಬೇಕು. ಬೆಂಗಳೂರು ಹತ್ತಿರದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಕಾಮಿನಿ, ಪೂರ್ಣಿಮಾ, ಶಶಾಂಕ್, ವಯಲೆಟ್ ಕುಷನ್ ತಳಿಗಳು ರೈತರಿಗೆ ಪರಿಚಿತ. ಜುಲೈನಲ್ಲಿ ಸಸಿ ಮಡಿಗೆ ಹಾಕಿ, ತಿಂಗಳ ಸಸಿಯನ್ನು ನಾಟಿ ಮಾಡಬೇಕು. ಬೇರು ಆಳಕ್ಕೆ ಹೋಗದ ಕಾರಣ ನೀರು ತಪ್ಪಿಸಬಾರದು. ಸೊರಗು ರೋಗ ಮಣ್ಣಿನಲ್ಲೇ ಉಳಿಯುವುದರಿಂದ ಮರುವರ್ಷ ಅದೇ ಮಡಿಯಲ್ಲಿ ಮತ್ತೆ ಆಸ್ಟರ್ ಹಾಕಬಾರದು.

ಗಲಾಟೆ ಹೂ: ನೀರು, ಆರೈಕೆ ಎರಡೂ ಕಡಿಮೆ ಇರುವ ಶಾಲೆಗೆ ಇದೇ ಮೊದಲ ಆಯ್ಕೆ. ಅಮೆರಿಕ ಖಂಡದಿಂದ ಬಂದ ಈ ಗಿಡ ಬಿಸಿಲು, ಬರ ಎರಡನ್ನೂ ತಾಳುತ್ತದೆ. ಒಣಗಿದ ಹೂ ತೆಗೆಯುತ್ತಿದ್ದರೆ ತಿಂಗಳುಗಟ್ಟಲೆ ಹೂ ಬಿಡುತ್ತದೆ.

ಜರ್ಬೆರಾ: ವ್ಯಾಪಾರಕ್ಕೆ ಇದನ್ನು ಪಾಲಿಹೌಸ್‌ನಲ್ಲಿ ಬೆಳೆಯುತ್ತಾರೆ. ಶಾಲೆಯಲ್ಲಿ ಎರಡು ಮೂರು ಕುಂಡ, ಹಸಿರು ನೆರಳು ಪರದೆಯ ಕೆಳಗೆ ಸಾಕು. ಸ್ವಲ್ಪ ಆಮ್ಲೀಯ ಮಣ್ಣು ಬೇಕಾದ್ದರಿಂದ ಎರೆ ಮಣ್ಣು ಬಿಟ್ಟು ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಗೊಬ್ಬರ ಬಳಸಬೇಕು. ಎಲೆಗಳು ಹೊರಡುವ ಸುಳಿಭಾಗ ಮಣ್ಣಿನ ಮಟ್ಟಕ್ಕಿಂತ ಒಂದೆರಡು ಸೆಂ.ಮೀ. ಮೇಲಿರಬೇಕು. ಅದು ಮಣ್ಣಿನಲ್ಲಿ ಹೂತರೆ ಗಿಡ ಕೊಳೆಯುತ್ತದೆ.

ಕೀಟಗಳಲ್ಲಿ ಎಳೆ ಕುಡಿಗೆ ಮುತ್ತುವ ಹೇನು ಮುಖ್ಯ. ಮೊದಲು ನೀರಿನ ರಭಸಕ್ಕೆ ತೊಳೆದು ನೋಡಬೇಕು. ನಿಲ್ಲದಿದ್ದರೆ ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನೊಂದಿಗೆ ಕದಡಿ ಸಂಜೆ ಸಿಂಪಡಿಸಬೇಕು. ಶಾಲಾ ತೋಟಕ್ಕೆ ರಾಸಾಯನಿಕ ಕೀಟನಾಶಕ ತರಬಾರದು.

ಕುಡಿ ಚಿವುಟುವುದು, ಕತ್ತಲೆ ಎಣಿಸುವುದು

ನೆಟ್ಟ ನಾಲ್ಕು ವಾರಕ್ಕೆ ಸೇವಂತಿಗೆಯ ತುದಿಕುಡಿ ಚಿವುಟಬೇಕು. ಹಾಗೆ ಮಾಡದಿದ್ದರೆ ಗಿಡ ಒಂದೇ ಕಡ್ಡಿಯಾಗಿ ಎತ್ತರಕ್ಕೆ ಹೋಗುತ್ತದೆ. ತುದಿಯಲ್ಲಿ ತಯಾರಾಗುವ ಆಕ್ಸಿನ್ ಕೆಳಗಿನ ಪಕ್ಕಮೊಗ್ಗುಗಳನ್ನು ತಡೆದಿರುತ್ತದೆ. ತುದಿ ಹೋದರೆ ತಡೆ ಹೋಗಿ ಕವಲು ಒಡೆಯುತ್ತವೆ. ಒಂದು ಸಾಲನ್ನು ಚಿವುಟಿ, ಪಕ್ಕದ ಸಾಲನ್ನು ಹಾಗೇ ಬಿಟ್ಟು ಮಕ್ಕಳಿಂದ ವಾರಕ್ಕೊಮ್ಮೆ ಕವಲು ಎಣಿಸಿದರೆ ಹತ್ತನೇ ತರಗತಿಯ ಸಸ್ಯ ಹಾರ್ಮೋನುಗಳ ಪಾಠ ತೋಟದಲ್ಲೇ ಸಿದ್ಧವಾಗುತ್ತದೆ.

ಸೇವಂತಿಗೆ ಹೂ ಬಿಡುವ ಕಾಲವನ್ನು ನಿರ್ಧರಿಸುವುದು ರಾತ್ರಿಯ ಉದ್ದ. ನಮ್ಮ ಅಕ್ಷಾಂಶದಲ್ಲಿ ಜೂನ್ ಕೊನೆಗೆ ಹಗಲು ಸುಮಾರು 13 ಗಂಟೆ, ಡಿಸೆಂಬರ್ ಕೊನೆಗೆ ಸುಮಾರು 11 ಗಂಟೆ. ರಾತ್ರಿ ದೊಡ್ಡದಾದಂತೆ ಗಿಡ ಮೊಗ್ಗು ಕಟ್ಟುತ್ತದೆ. ಹಗಲು ರಾತ್ರಿಯ ಉದ್ದಕ್ಕೆ ಸಸ್ಯಗಳು ತೋರುವ ಈ ಪ್ರತಿಕ್ರಿಯೆಯನ್ನು ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ರೈತರು ರಾತ್ರಿ ಹೊಲದಲ್ಲಿ ದೀಪ ಹಚ್ಚಿ ಮೊಗ್ಗನ್ನು ತಡಮಾಡಿ, ಬೇಕಾದ ಕಾಲಕ್ಕೆ ಹೂ ಪಡೆಯುವುದೂ ಇದೇ ತತ್ವದಿಂದ. ಶಾಲೆಯ ಬೀದಿ ದೀಪದ ಕೆಳಗಿನ ಗಿಡ ಸೊಂಪಾಗಿ ಬೆಳೆದರೂ ಹೂ ಬಿಡದಿದ್ದರೆ ‘ಗೊಬ್ಬರ ಸಾಲದು’ ಎನ್ನುವ ಮುನ್ನ ದೀಪದತ್ತ ನೋಡಬೇಕು.

ಬಿಡಿ ಹೂ ಮತ್ತು ತೊಟ್ಟಿನ ಹೂ

ನಮ್ಮ ಕಡೆ ಹೂವನ್ನು ತೊಟ್ಟಿಲ್ಲದೆ ಕಿತ್ತು, ತೂಕಕ್ಕೆ ಮಾರಿ, ಮಾಲೆ ಕಟ್ಟುವುದು ರೂಢಿ. ಹೂವಿನ ಕಸುಬಿನ ಮನೆಗಳಲ್ಲಿ ಅದಕ್ಕೆ ತಕ್ಕ ಜ್ಞಾನವಿದೆ: ಇಬ್ಬನಿ ಆರಿದ ಮೇಲೆ ಕೀಳುವುದು, ಒದ್ದೆ ಬಟ್ಟೆ ಇಲ್ಲವೇ ಬಾಳೆ ಎಲೆಯಲ್ಲಿ ಸುತ್ತುವುದು, ನೆರಳಿನಲ್ಲಿ ಇಡುವುದು. ಬಿಡಿ ಹೂವಿಗೆ ನೀರು ಒಳಗೆ ಬರುವ ದಾರಿಯೇ ಇಲ್ಲ. ಆದ್ದರಿಂದ ಹೊರಗೆ ಹೋಗುವುದನ್ನು ತಡೆಯುವುದೊಂದೇ ಉಪಾಯ. ಒದ್ದೆ ಬಟ್ಟೆ ಸುತ್ತಲಿನ ಗಾಳಿಯಲ್ಲಿ ತೇವ ಹೆಚ್ಚಿಸಿ ಬಾಷ್ಪವಿಸರ್ಜನೆ ತಗ್ಗಿಸುತ್ತದೆ. ತರಗತಿಯಲ್ಲಿ ಅಂಥ ಮನೆಯ ಮಗು ಇದ್ದು ಇಷ್ಟಪಟ್ಟರೆ, ಈ ಭಾಗವನ್ನು ಆ ಮಗುವೇ ತೋರಿಸಿ ಹೇಳಲಿ. ‘ಯಾಕೆ’ ಎಂಬುದನ್ನು ನಾವು ಸೇರಿಸೋಣ.

ಹೂದಾನಿಯ ಹೂವಿಗೆ ತೊಟ್ಟು ಇರುತ್ತದೆ, ಅದರೊಳಗೆ ಕ್ಸೈಲಂ ಇರುತ್ತದೆ. ಇಲ್ಲಿ ಕೆಲಸ ಆ ದಾರಿಯನ್ನು ತೆರೆದಿಡುವುದು. ದಾರಿ ಕಟ್ಟುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಕೊಯ್ದ ಕೂಡಲೇ ತುದಿಯಿಂದ ಗಾಳಿ ಒಳಸೇರಿ ನೀರಿನ ಎಳೆ ತುಂಡಾಗುತ್ತದೆ. ನಂತರ ಹೂದಾನಿಯ ನೀರಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ನಾಳದ ಬಾಯಿ ಮುಚ್ಚುತ್ತದೆ. ಕೆಳಗಿನ ಕ್ರಮಗಳೆಲ್ಲ ಈ ಎರಡನ್ನು ತಡೆಯುವುದಕ್ಕೇ.

1. ಬೆಳಿಗ್ಗೆ ಬೇಗ ಕೊಯ್ಯಬೇಕು, ಬಕೆಟ್ ನೀರನ್ನು ಗಿಡದ ಬಳಿಗೇ ಒಯ್ಯಬೇಕು.
2. ಅರಳಿದ ಹೂವನ್ನೇ ಆರಿಸಬೇಕು. ಬಿಗಿ ಮೊಗ್ಗು ಕೊಯ್ದ ಮೇಲೆ ಸರಿಯಾಗಿ ಅರಳುವುದಿಲ್ಲ. ಜರ್ಬೆರಾದಲ್ಲಿ ಹೊರಗಿನ ಎರಡು ಮೂರು ಸುತ್ತು ಬಿಂಬ ಪುಷ್ಪಕಗಳು ಬಿರಿದಿರಬೇಕು.
3. ಸೇವಂತಿಗೆಯ ಕಡ್ಡಿಯನ್ನು ಗಟ್ಟಿ ಕಟ್ಟಿಗೆಯಾದ ಭಾಗಕ್ಕಿಂತ ಮೇಲೆ ಕತ್ತರಿಸಬೇಕು. ಕಟ್ಟಿಗೆ ಭಾಗ ನೀರು ಎಳೆಯುವುದು ಕಡಿಮೆ. ಜರ್ಬೆರಾ ಹೂವನ್ನು ಕತ್ತರಿಸದೆ ಬುಡದಿಂದ ಪಕ್ಕಕ್ಕೆ ಬಾಗಿಸಿ ಎಳೆದು ತೆಗೆಯಬೇಕು. ಉಳಿದ ತುಂಡು ಕೊಳೆತರೆ ಸುಳಿಗೆ ಅಪಾಯ.
4. ಹೂದಾನಿಗೆ ಇಡುವ ಮುನ್ನ ನೀರಿನೊಳಗೇ ತುದಿಯನ್ನು 2–3 ಸೆಂ.ಮೀ. ಓರೆಯಾಗಿ ಕತ್ತರಿಸಬೇಕು.
5. ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲ ತೆಗೆಯಬೇಕು. ಆಸ್ಟರ್ ಎಲೆ ಬಹಳ ಬೇಗ ಕೊಳೆತು ನೀರು ನಾರುತ್ತದೆ.
6. ಹೂದಾನಿ, ತಂಬಿಗೆ, ಬಾಟಲಿ ಏನೇ ಇರಲಿ, ಸೋಪಿನಿಂದ ಉಜ್ಜಿ ತೊಳೆದಿರಬೇಕು.
7. ಜರ್ಬೆರಾಕ್ಕೆ 5–8 ಸೆಂ.ಮೀ. ನೀರು ಸಾಕು. ಅದರ ರೋಮಭರಿತ ತೊಟ್ಟು ಹೆಚ್ಚು ಮುಳುಗಿದರೆ ಕೊಳೆಯುತ್ತದೆ. ಹೂವಿನ ಕೆಳಗಿನ ಮೆತ್ತನೆಯ ಕತ್ತಿಗೆ ನೀರು ಸಾಲದಿದ್ದರೆ ತಲೆ ಬಾಗುತ್ತದೆ.
8. ಬಿಸಿಲು, ಫ್ಯಾನಿನ ಗಾಳಿಯಿಂದ ದೂರ ಇಡಬೇಕು. ದಿನವೂ ನೀರು ಬದಲಿಸಬೇಕು.

ನಾಲ್ಕು ಬಾಟಲಿಯ ಪ್ರಯೋಗ

ಒಂದೇ ಗಿಡದ, ಒಂದೇ ಹಂತದ 12 ಹೂ, ಒಂದೇ ಅಳತೆಯ ನಾಲ್ಕು ಬಾಟಲಿ ತೆಗೆದುಕೊಂಡು ಮೂರು ಮೂರು ಹೂ ಇಡಬೇಕು.

ಅ: ಶುದ್ಧ ನೀರು, ಬದಲಿಸುವುದಿಲ್ಲ.
ಆ: ಶುದ್ಧ ನೀರು, ದಿನವೂ ಬದಲಿಸುವುದು.
ಇ: ಲೀಟರಿಗೆ 20 ಗ್ರಾಂ ಸಕ್ಕರೆ ಬೆರೆಸಿದ ನೀರು, ಬದಲಿಸುವುದಿಲ್ಲ.
ಈ: ಅಷ್ಟೇ ಸಕ್ಕರೆಯ ಜೊತೆ ಅರ್ಧ ನಿಂಬೆಹಣ್ಣಿನ ರಸ, ಬದಲಿಸುವುದಿಲ್ಲ.

ಪ್ರತಿದಿನ ಮೂರು ಅಂಶ ಬರೆಯಬೇಕು: ನೀರಿನ ಮಟ್ಟ ಎಷ್ಟು ಇಳಿದಿದೆ, ನೀರು ತಿಳಿಯೋ ಮಸುಕೋ, ಎಷ್ಟು ಹೂ ಬಾಡಿವೆ. ಹೋಲಿಕೆಯನ್ನು ಜೋಡಿಯಾಗಿ ಮಾಡಿಸಬೇಕು: ಅ–ಆ, ಅ–ಇ, ಇ–ಈ. ಪ್ರತಿ ಜೋಡಿಯಲ್ಲಿ ಬದಲಾದದ್ದು ಒಂದೇ ಅಂಶ. ಚರ ಮತ್ತು ನಿಯಂತ್ರಣ ಎಂಬ ಪರಿಕಲ್ಪನೆಯನ್ನು ಎಂಟನೇ ತರಗತಿಯ ಮಗುವೂ ಇಲ್ಲಿ ಗ್ರಹಿಸಬಲ್ಲದು. ಸಕ್ಕರೆ ಹೂವಿಗೆ ಆಹಾರವಾದಂತೆ ಬ್ಯಾಕ್ಟೀರಿಯಾಕ್ಕೂ ಆಹಾರ. ನಿಂಬೆಯ ಆಮ್ಲ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಗ್ಗಿಸುತ್ತದೆ. ಈ ವಿವರಣೆಯನ್ನು ಮೊದಲೇ ಹೇಳದೆ, ದಾಖಲೆ ಮುಂದಿಟ್ಟುಕೊಂಡು ಮಕ್ಕಳಿಂದ ಹೊರಡಿಸಬೇಕು. ಕೆಲವು ಪುಸ್ತಕಗಳಲ್ಲಿ ಬ್ಲೀಚ್ ಸೇರಿಸುವ ಸಲಹೆ ಇರುತ್ತದೆ. ಆಮ್ಲದೊಂದಿಗೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಬರುವುದರಿಂದ ತರಗತಿಯಲ್ಲಿ ಅದನ್ನು ಬಳಸಬಾರದು.

ಸಾಗಾಣಿಕೆಯನ್ನು ಕಣ್ಣಿಗೆ ತೋರಿಸಲು ಬಿಳಿ ಸೇವಂತಿಗೆಯ ತೊಟ್ಟನ್ನು ಉದ್ದಕ್ಕೆ ಎರಡಾಗಿ ಸೀಳಿ, ಒಂದು ಸೀಳನ್ನು ಕೆಂಪು, ಇನ್ನೊಂದನ್ನು ನೀಲಿ ತಿಂಡಿಬಣ್ಣದ ನೀರಿನಲ್ಲಿ ಇಡಬೇಕು. ಮರುದಿನಕ್ಕೆ ಹೂ ಎರಡು ಬಣ್ಣವಾಗಿರುತ್ತದೆ. ಕ್ಸೈಲಂ ನಾಳಗಳು ಬೇರೆ ಬೇರೆ ದಾರಿಗಳೆಂದು ಚಿತ್ರವಿಲ್ಲದೆ ತಿಳಿಯುತ್ತದೆ.

ಮೌಲ್ಯಮಾಪನಕ್ಕೆ ಪ್ರಶ್ನೆಗಳು

‘ಸೂರ್ಯಕಾಂತಿಯನ್ನು ಒಂದು ಹೂ ಎನ್ನುವುದು ಸರಿಯೇ? ನೀವು ಕಂಡದ್ದರಿಂದ ಕಾರಣ ಕೊಡಿ.’ ‘ಬಿಡಿ ಹೂವಿಗೆ ಒದ್ದೆ ಬಟ್ಟೆ, ತೊಟ್ಟಿನ ಹೂವಿಗೆ ನೀರು, ಏಕೆ?’ ‘ಇ ಬಾಟಲಿಯ ನೀರು ಮಸುಕಾದರೆ ನಿಮ್ಮ ಊಹೆ ಏನು, ಅದನ್ನು ಹೇಗೆ ಪರೀಕ್ಷಿಸುತ್ತೀರಿ?’ ಇಂಥ ಪ್ರಶ್ನೆಗಳು ವ್ಯಾಖ್ಯೆ ಒಪ್ಪಿಸುವುದನ್ನು ಬಿಟ್ಟು ಅವಲೋಕನವನ್ನು ಅಳೆಯುತ್ತವೆ. ದಾಖಲೆ ಪುಸ್ತಕವನ್ನೇ ನಿರಂತರ ಮೌಲ್ಯಮಾಪನದ ಸಾಧನವಾಗಿ ಪರಿಗಣಿಸಬಹುದು.

ನಾವು ಹೋದ ಮೇಲೆ ತೋಟ

ಬೋಧನಾಭ್ಯಾಸ ಕೆಲವು ವಾರಗಳದು. ಸೇವಂತಿಗೆ ನೆಟ್ಟು ಹೂ ಕಾಣಲು ಐದು ತಿಂಗಳು ಬೇಕು. ಪ್ರಶಿಕ್ಷಣಾರ್ಥಿ ನೆಟ್ಟ ತೋಟ ಆತ ಹೋದ ಮೇಲೆ ಒಣಗಿದರೆ, ಮಕ್ಕಳು ಕಲಿಯುವುದು ‘ಇದೆಲ್ಲ ಪಾಠ ತೋರಿಸುವುದಕ್ಕೆ’ ಎಂಬುದನ್ನು. ಹಾಗಾಗದಂತೆ ತೋಟದ ಒಂದು ವಹಿಯನ್ನು ಮೊದಲ ದಿನವೇ ಆರಂಭಿಸಬೇಕು: ಯಾವ ಮಡಿಯಲ್ಲಿ ಏನು, ಯಾವಾಗ ನೆಟ್ಟದ್ದು, ಯಾವಾಗ ಚಿವುಟಿದ್ದು, ಯಾರ ಪಾಳಿ. ಹೋಗುವ ದಿನ ಅದನ್ನು ಮಾರ್ಗದರ್ಶಿ ಶಿಕ್ಷಕರಿಗೂ ಮಕ್ಕಳ ತೋಟ ಸಮಿತಿಗೂ ಒಪ್ಪಿಸಬೇಕು.

ಹೆಚ್ಚು ಅಪಾಯದ ಕಾಲ ಎರಡು. ಮೊದಲನೆಯದು ದಸರೆ ರಜೆ, ಮೊಗ್ಗು ಕಟ್ಟುವ ಹೊತ್ತು. ಶಾಲೆಯ ಹತ್ತಿರದ ಮನೆಯ ಮಕ್ಕಳ ಪಾಳಿ ಇದಕ್ಕೆ ಸಾಕು. ಎರಡನೆಯದು ಬೇಸಿಗೆ ರಜೆ. ಆಗ ಇಡೀ ತೋಟ ಉಳಿಸುವ ಅಗತ್ಯವಿಲ್ಲ. ಹೂ ಮುಗಿದ ಮೇಲೆ ಸೇವಂತಿಗೆಯನ್ನು ನೆಲಮಟ್ಟಕ್ಕೆ ಕತ್ತರಿಸಿ, ಬುಡದ ಮರಿಗಳಿರುವ ಐದಾರು ಗಿಡಗಳನ್ನು ಕುಂಡಕ್ಕೆ ಬದಲಿಸಿ, ಬೇವಿನ ಮರದ ನೆರಳಿನಲ್ಲಿ ಒಟ್ಟಿಗೆ ಇಟ್ಟರೆ ದಿನಕ್ಕೆ ಒಂದು ಕೊಡ ನೀರು ಸಾಕಾಗುತ್ತದೆ. ಗಲಾಟೆ, ಆಸ್ಟರ್ ಬೀಜವನ್ನು ಒಣಗಿಸಿ, ಕಾಗದದ ಪೊಟ್ಟಣದಲ್ಲಿ ಹೆಸರು, ತಿಂಗಳು ಬರೆದು ಇಡಬೇಕು. 2019ರ ಆಗಸ್ಟ್‌ನಂತೆ ಕೃಷ್ಣೆ ಉಕ್ಕಿದ ವರ್ಷ ಮಡಿಗಳು ಉಳಿಯುವುದಿಲ್ಲ. ಎತ್ತರದಲ್ಲಿಟ್ಟ ನಾಲ್ಕು ಕುಂಡ, ಒಂದು ಪೊಟ್ಟಣ ಬೀಜ ಇದ್ದರೆ ಮರಳಿ ಆರಂಭಿಸಬಹುದು.

ಆರು ತಾಯಿಗಿಡಗಳಿಂದ ಜೂನ್‌ನಲ್ಲಿ ಒಂದು ಮಡಿಗೆ ಬೇಕಾದಷ್ಟು ಸಸಿ ಸಿಗುತ್ತವೆ. ಮುಂದಿನ ವರ್ಷ ಆ ಶಾಲೆಗೆ ಬರುವ ಪ್ರಶಿಕ್ಷಣಾರ್ಥಿಯ ಕೈಗೆ ವಹಿ ಮತ್ತು ಕುಂಡ ಎರಡೂ ಸಿಕ್ಕರೆ, ಹೂವಿನ ಪಾಠಕ್ಕೆ ಆತ ಪೇಟೆಯಿಂದ ಹೂ ತರಬೇಕಾಗಿಲ್ಲ.